ದವಡೆಯ ಎಲುಬಿಗೆ ಕಾದ ಸುಗ್ಗಿ

ಗಂಗಾವತಿಯಿಂದ ಯಲಬುರ್ಗಾಕ್ಕೆ ವರ್ಗವಾಗಿ ಬಂದ ಮೇಲೆ ನಾನು ಭತ್ತದ ವಾಸನೆಯನ್ನು ಮರೆತಿದ್ದೆ. ಇಲ್ಲಿ ಕಪ್ಪು ನೆಲ, ಜೋಳ, ಕಡಲೆ. ಗಾಳಿಗೆ ಒಣಮಣ್ಣಿನ ವಾಸನೆ. ಕಳೆದ ತಿಂಗಳು ಶಿಕ್ಷಕರ ತರಬೇತಿಗೆಂದು ಗಂಗಾವತಿಗೆ ಹೋದೆ. ಊರು ಇನ್ನೂ ದೂರವಿರುವಾಗಲೇ ಅಕ್ಕಿ ಗಿರಣಿಗಳ ಸಾಲು ಬರುತ್ತದೆ. ಬಸ್ಸಿನ ಕಿಟಕಿಯಿಂದ ಕುದಿಸಿದ ಭತ್ತದ ವಾಸನೆ ಒಳಗೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ಹೊಗೆ, ಒದ್ದೆ ಗೋಣಿಚೀಲದ ಹಾಗೆ. ನನ್ನ ನಾಲಿಗೆ ತಾನಾಗಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಹೋಗಿ ನಿಂತಿತು. ಆ ಹಲ್ಲುಗಳು ನನ್ನವು, ಗಟ್ಟಿಯಾಗಿವೆ, ಅವುಗಳಿಗೆ ಏನೂ ಆಗಿಲ್ಲ. ಆದರೆ ಒಂದು ಸುಗ್ಗಿಯ ಕಾಲ ಪೂರ್ತಿ ನಾನು ಇನ್ನೊಬ್ಬಳ ಬಾಯೊಳಗೆ ಟಾರ್ಚು ಬಿಟ್ಟು ಅದೇ ಜಾಗವನ್ನು ನೋಡುತ್ತ ಕಳೆದಿದ್ದೆ. ಆ ಬಾಯಿ ನನ್ನ ಅಕ್ಕ ನೀಲವ್ವನದು.

ಅಕ್ಕನನ್ನು ಕೊಟ್ಟದ್ದು ಕುಷ್ಟಗಿ ತಾಲ್ಲೂಕಿನ ದೋಟಿಹಾಳಕ್ಕೆ, ನೇಕಾರರ ಮನೆಗೆ. ನಮ್ಮದೂ ನೇಕಾರರ ಮನೆಯೇ. ನಾನು ಓದಿ ಕನ್ನಡ ಶಿಕ್ಷಕಿಯಾದೆ, ಅವಳು ಮಗ್ಗದ ಬಳಿ ಉಳಿದಳು. ಸೀರೆ ನೇಯುವವನು ಅವಳ ಗಂಡ ಸಂಗಪ್ಪ ಮಾಮಾ. ಆದರೆ ಮಗ್ಗದ ಉದ್ದೆಳೆಗಳ ಒಂದು ಹಾಸು ಮುಗಿದು ಹೊಸ ಹಾಸು ಏರಿಸುವಾಗ, ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಒಂದೊಂದಾಗಿ ಕೂಡಿಸಬೇಕು. ಅದು ಅಕ್ಕನ ಕೆಲಸ. ಸಾವಿರಾರು ಎಳೆ. ಹಳೆಯದನ್ನು ಎಡಗೈಯಲ್ಲಿ, ಹೊಸದನ್ನು ಮುಂದಿನ ಹಲ್ಲುಗಳ ನಡುವೆ ಹಿಡಿದು ಬಲಗೈ ಬೆರಳುಗಳಿಂದ ಗಂಟು ಬಿಗಿಯುತ್ತಿದ್ದಳು. ಉಳಿದ ತುದಿಯನ್ನು ಗಂಟಿನ ಬುಡಕ್ಕೇ ಕತ್ತರಿಸುತ್ತಿದ್ದಳು. ತುದಿ ಉಳಿದರೆ ಪಕ್ಕದ ಎಳೆಗೆ ಸಿಕ್ಕಿಕೊಂಡು ನೇಯ್ಗೆ ಕೆಡುತ್ತದೆ. ಉದ್ದ ತುದಿ ಬಿಟ್ಟ ಗಂಟನ್ನು ಕಂಡರೆ ಆ ಓಣಿಯಲ್ಲಿ, ಇದು ಯಾರೋ ಹೊಸಬರ ಕೈ ಎಂದು ನಗುತ್ತಾರೆ.

ಮುಂದಿನ ಎರಡು ಹಲ್ಲು ಹೋದದ್ದು ಬಸ್ಸಿನಲ್ಲಿ. ಎಮ್ಮೆ ಅಡ್ಡ ಬಂತೆಂದು ಡ್ರೈವರ್ ಬ್ರೇಕು ಹಾಕಿದಾಗ ಅವಳ ಮುಖ ಎದುರಿನ ಸೀಟಿನ ಕಬ್ಬಿಣದ ಸರಳಿಗೆ ಬಡಿಯಿತು. ಹೊರಗಿನ ಗಾಯ ಮಾಯ್ದಿತು. ಒಳಗೆ ಕೀವು ಉಳಿದು ಮೆಲ್ಲಮೆಲ್ಲಗೆ ಎಲುಬನ್ನು ತಿಂದಿತು. ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಮಾಡಿಸಿದರು. ಎಳೆ ಹಿಡಿದು ಜಗ್ಗಿದರೆ ಸೆಟ್ಟೇ ಎದ್ದು ಬರುತ್ತಿತ್ತು. ಪಕ್ಕದ ಹಲ್ಲಿನಲ್ಲಿ ಹಿಡಿದು ನೋಡಿದಳು. ಎಳೆ ಓರೆಯಾಗಿ ಬಂದು ಒಂದು ಗಂಟು ಬಿಗಿ, ಒಂದು ಸಡಿಲವಾಯಿತು. ಕೊನೆಗೆ ಮಾಮಾ ಬೇರೆ ಓಣಿಯ ಹೆಂಗಸೊಬ್ಬಳನ್ನು ಕರೆಸತೊಡಗಿದ. ಅವಳು ಬಂದು ಅಕ್ಕನ ಜಾಗದಲ್ಲಿ ಕೂತು ಎಳೆ ಕೂಡಿಸುವಾಗ ಅಕ್ಕ ಅವಳಿಗೆ ಚಹಾ ಮಾಡಿ ಕೊಡುತ್ತಿದ್ದಳು. ಹಲ್ಲು ಹೋದದ್ದನ್ನು ಅಕ್ಕ ನಗುತ್ತಲೇ ಹೇಳುತ್ತಿದ್ದಳು, ಸೆರಗು ಬಾಯಿಗೆ ಹಿಡಿದು. ಚಹಾದ ಮಾತು ಬಂದಾಗ ಮಾತ್ರ ಅವಳ ದನಿ ಇಳಿಯುತ್ತಿತ್ತು.

ಆ ವರ್ಷ ದಸರೆಯ ರಜೆಯಲ್ಲಿ ನಾನೇ ಅವಳನ್ನು ಆಗ ನಾನಿದ್ದ ಗಂಗಾವತಿಗೆ ಕರೆತಂದು ಹಲ್ಲಿನ ಡಾಕ್ಟರು ಶಾಹೀನ್ ಮೇಡಮ್ ಅವರ ದವಾಖಾನೆಗೆ ಕರೆದೊಯ್ದೆ. ಮೇಡಮ್ ಮಾತು ಕಡಿಮೆ, ಕೇಳಿದ್ದಕ್ಕೆ ನೇರ ಉತ್ತರ. ಹಲ್ಲಿನ ಜಾಗದಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಕದಲದ ಹಲ್ಲು ನಿಲ್ಲಿಸಬಹುದು ಎಂದರು. ಆದರೆ ಸ್ಕ್ರೂ ನಿಲ್ಲಲು ಎಲುಬು ಬೇಕು. ಕೊಪ್ಪಳಕ್ಕೆ ಹೋಗಿ ತೆಗೆಸಿಕೊಂಡು ಬಂದ ಸ್ಕ್ಯಾನಿನಲ್ಲಿ ಆ ಜಾಗದ ಎಲುಬು ಮಾವಿನ ಓಟೆಯ ಅಂಚಿನಷ್ಟು ತೆಳುವಾಗಿತ್ತು. ಮೊದಲು ಎಲುಬು ಬೆಳೆಸಬೇಕು, ಆಮೇಲೆ ಹಲ್ಲಿನ ಮಾತು.

ಎಲುಬು ಹೊಲದ ಬೆಳೆಯೇನು, ಬಿತ್ತಿದರೆ ಬರಲು, ಎಂದು ಅಕ್ಕ ಕೇಳಿದಳು. ಮೇಡಮ್ ಕಾಗದದ ಮೇಲೆ ಚಿತ್ರ ಬರೆದರು.

“ಒಸಡು ಭಾಳ ಅವಸರದ್ದು ನೋಡ್ರಿ. ಎಲ್ಲಿ ಜಾಗ ಖಾಲಿ ಸಿಗ್ತೈತಿ ಅಲ್ಲಿ ಓಡಿ ಬಂದು ಕುಂದರ್ತೈತಿ. ಎಲುಬು ನಿಧಾನ. ಅದು ಬರೋದ್ರೊಳಗ ಜಾಗ ತುಂಬಿ ಹೋಗಿರ್ತೈತಿ. ಅದಕ್ಕ ನಾವು ನಡುವ ಒಂದು ತೆಳು ಪರದೆ ಹಾಕ್ತೀವಿ. ಒಸಡು ಆಚೆ, ಎಲುಬು ಈಚೆ.”

ಅಕ್ಕ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದಳು. “ಕಿಟಕ್ಯಾಗಿಂದ ಟವಲ್ ಒಗದು ಬಸ್ಸಿನ್ಯಾಗ ಸೀಟ್ ಹಿಡದಂಗ ಅನ್ರಿ.”

ಮೇಡಮ್ ನಕ್ಕರು. ಅಂದು ಅವರು ನಕ್ಕದ್ದು ಅದೊಂದೇ ಸಲ. ಪರದೆಯ ಒಳಗೆ ಕಾಳಿನಂಥ ಪುಡಿ ತುಂಬುತ್ತಾರೆ, ಅದರ ಆಸರೆಯ ಮೇಲೆ ಎಲುಬು ಕಟ್ಟಿಕೊಳ್ಳುತ್ತದೆ. ಅಕ್ಕನ ತೋಳಿನಿಂದಲೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಗಾಯ ಮಾಯಿಸುವ ಅಂಶಗಳಿರುವ ಭಾಗವನ್ನು ಬೇರ್ಪಡಿಸಿ ಆ ಪುಡಿಗೆ ಕಲಸುತ್ತಾರೆ. ಬೆಳವಣಿಗೆ ಅಂಶಗಳು ಎಂದು ಅವಕ್ಕೆ ಹೆಸರು. ಎಲುಬು ಕಟ್ಟುವ ಜೀವಕೋಶಗಳನ್ನು ಅವು ಕರೆದು ತರುತ್ತವಂತೆ. ಬಂದೇ ಬರುತ್ತವೆ ಎಂದು ಬರೆದುಕೊಡಲಾರೆ ಎಂದೂ ಮೇಡಮ್ ಹೇಳಿದರು.

ಪುಡಿ ಯಾವುದರದು ಎಂದು ಅಕ್ಕ ಕೇಳಿದಳು. ಈ ಪ್ರಶ್ನೆಗೆ ಮೇಡಮ್ ತಯಾರಾಗಿದ್ದರೆಂದು ಕಾಣುತ್ತದೆ.

“ಕೆಲವು ಆಕಳ ಎಲುಬಿಂದ ಮಾಡಿದ್ದು ಇರ್ತಾವ. ಪರದೆ ಕೆಲವು ಹಂದೀದು ಇರ್ತಾವ. ಅದು ನಿಮಗ ನಡ್ಯಂಗಿಲ್ಲ, ಇದು ನನಗ ನಡ್ಯಂಗಿಲ್ಲ. ಕಾರ್ಖಾನ್ಯಾಗ ಮಾಡಿದ್ದು ಐತಿ. ಇಬ್ಬರಿಗೂ ನಡಿಯೋದು ಹಾಕೂಣು.”

ಹಾಗೆ ದೀಪಾವಳಿ ಮುಗಿದ ವಾರ ಅಕ್ಕ ಆ ಕುರ್ಚಿಯಲ್ಲಿ ಮಲಗಿದಳು. ನನ್ನ ಕೈ ಬಿಡಲು ಒಪ್ಪದ್ದರಿಂದ ನನಗೂ ಟೊಪ್ಪಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಬಿಟ್ಟರು. ನಾನು ಅಲ್ಲಿ ಇರಬಾರದಿತ್ತು ಎಂದು ಈಗಲೂ ಕೆಲವೊಮ್ಮೆ ಅನ್ನಿಸುತ್ತದೆ. ಆದರೆ ಕಂಡದ್ದನ್ನು ಕಾಣಲಿಲ್ಲ ಎನ್ನಲಾರೆ. ಹಸಿರು ಬಟ್ಟೆಯ ಕಿಂಡಿಯಲ್ಲಿ ಅಕ್ಕನ ಬಾಯಿ ಮಾತ್ರ ಕಾಣುತ್ತಿತ್ತು. ಮೇಡಮ್ ಒಸಡನ್ನು ಕೊಯ್ದು ಮೆಲ್ಲಗೆ ಬಿಡಿಸಿ ಮೇಲಕ್ಕೆ ಎತ್ತಿದರು. ಕೆಳಗೆ ಹಲ್ಲಿನ ಬೇರಿದ್ದ ಜಾಗದಲ್ಲಿ ಬಿಳಿಯ ಎಲುಬು ಒಳಕ್ಕೆ ಕುಸಿದು ಕುಳಿ ಬಿದ್ದಿತ್ತು. ಹುಟ್ಟಿದಾಗಿನಿಂದ ನೋಡಿದ ಮುಖದ ಒಳಗೆ ಇಂಥದ್ದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಕಿವಿಯಲ್ಲಿ ಸದ್ದು ಕಡಿಮೆಯಾಗುತ್ತ ಬಂತು. ನರ್ಸ್ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಅಕ್ಕನ ಕೈ ನನ್ನ ಕೈಯಲ್ಲೇ ಇತ್ತು. ಯಾರು ಯಾರನ್ನು ಹಿಡಿದಿದ್ದೆವೋ ತಿಳಿಯದು.

ರಕ್ತ ತೆಗೆದ ಕೊಳವೆಗಳನ್ನು ಒಂದು ಕ್ಷಣವೂ ಇಡದೆ ಯಂತ್ರಕ್ಕೆ ಹಾಕಿದರು. ತಡವಾದರೆ ಹೆಪ್ಪುಗಟ್ಟಿ ಕೆಡುತ್ತದಂತೆ. ಯಂತ್ರ ನಿಂತಾಗ ಕೊಳವೆಯಲ್ಲಿ ಕೆಳಗೆ ಕೆಂಪು, ಮೇಲೆ ತಿಳಿ, ನಡುವೆ ಎಳನೀರಿನೊಳಗಿನ ಎಳೆ ಕೊಬ್ಬರಿಯಂಥ ಹಳದಿ ತುಂಡು. ಮೇಡಮ್ ಒಂದನ್ನು ಸಣ್ಣಗೆ ಕತ್ತರಿಸಿ ಪುಡಿಗೆ ಕಲಸಿದರು, ಇನ್ನೊಂದನ್ನು ಒತ್ತಿ ಹಾಳೆ ಮಾಡಿದರು. ಕುಳಿಗೆ ತುಂಬಿ, ಮೇಲೆ ಪರದೆಯನ್ನು ಹಾಸಿ, ಪರದೆಯ ಮೇಲೆ ರಕ್ತದ ಹಾಳೆಯನ್ನಿಟ್ಟು, ಒಸಡನ್ನು ಮೊದಲಿನ ಜಾಗಕ್ಕೆ ತಂದು ನೀಲಿ ನೈಲಾನ್ ದಾರದಿಂದ ಹೊಲಿದರು. ಪರದೆ ಕರಗುವ ಜಾತಿಯದು, ಕೆಲವು ತಿಂಗಳಲ್ಲಿ ತಾನೇ ಇಲ್ಲವಾಗುತ್ತದೆ. ಹೊಲಿಗೆಯನ್ನು ಮಾತ್ರ ಎರಡು ವಾರದ ಮೇಲೆ ಅವರೇ ಬಿಚ್ಚಬೇಕು. ಅಲ್ಲಿಯವರೆಗೆ ಗಟ್ಟಿ ತಿನ್ನಬಾರದು, ಜೋರಾಗಿ ಉಗುಳಬಾರದು, ತುಟಿ ಎತ್ತಿ ನೋಡಬಾರದು. ಹೇಳಿದ್ದನ್ನೆಲ್ಲ ಅಕ್ಕ ತಲೆಯಾಡಿಸಿ ಕೇಳಿದಳು. ಹೊಲಿಗೆಯ ತುದಿಗಳ ಬಗ್ಗೆ ಮೇಡಮ್ ಏನೂ ಹೇಳಲಿಲ್ಲ. ಹೇಳುವ ಪ್ರಮೇಯ ಅವರಿಗೆ ಅದುವರೆಗೆ ಬಂದಿರಲಿಲ್ಲ.

ಅಕ್ಕ ನನ್ನ ಮನೆಯಲ್ಲೇ ಉಳಿದಳು. ಹೊರಗೆ ಭತ್ತ ಕೊಯ್ಯುವ ಯಂತ್ರಗಳು ಹಗಲೂ ರಾತ್ರಿ ಓಡಾಡುತ್ತಿದ್ದವು. ಹತ್ತಿರದ ಸಿದ್ದಾಪುರದ ಕಡೆಯಿಂದ ಬರುವ ಟ್ರ್ಯಾಕ್ಟರುಗಳು ನಮ್ಮ ಓಣಿಯ ಮೂಲೆಯಲ್ಲಿ ತಿರುಗುವಾಗ ಕಾಳು ಚೆಲ್ಲಿ ರಸ್ತೆಯೆಲ್ಲ ಹಳದಿಯಾಗುತ್ತಿತ್ತು. ಅಕ್ಕ ಜೋಳದ ಅಂಬಲಿ ಕುಡಿದು, ಕಿಟಕಿಯಲ್ಲಿ ಕೂತು, ಇಷ್ಟು ಅನ್ನ ತಿನ್ನುವವರ ಊರಲ್ಲಿ ತನಗೆ ಅಂಬಲಿಯೇ ಗತಿಯಾಯಿತೆಂದು ನನ್ನನ್ನು ಕೆಣಕುತ್ತಿದ್ದಳು. ಮುಖದ ಬಾವು ಇಳಿಯಿತು. ಎಲ್ಲ ಸರಿಯಾಗಿದೆ ಎಂದುಕೊಂಡೆ.

ವಾರ ತುಂಬುವ ಮೊದಲೇ ಒಂದು ಸಂಜೆ ಶಾಲೆಯಿಂದ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಕೆಲಸ ಮುಗಿಸಿದವರ ಸಮಾಧಾನವಿತ್ತು.

“ಡಾಕ್ಟರಮ್ಮ ಛಲೋ ಹೊಲದಾಳ,” ಎಂದಳು. “ಖರೆ ತುದಿ ಮುಗಿಸಿದ್ದಿಲ್ಲ ನೋಡು. ಉದ್ದುದ್ದ ಬಿಟ್ಟಾಳ. ತುಟಿಗೆ ಚುಚ್ಚಾಕತ್ತಿದ್ವು. ನಾನ ಮುಗಿಸೀನಿ.”

ನನ್ನ ಹೊಲಿಗೆಯ ಕತ್ತರಿಯನ್ನು ನೀರಲ್ಲಿ ಕುದಿಸಿ, ಕೈಯನ್ನು ಸೋಪಿನಿಂದ ತೊಳೆದು, ಕನ್ನಡಿಯ ಮುಂದೆ ಕೂತು ಒಂದೊಂದೇ ಗಂಟಿನ ಬುಡಕ್ಕೆ ತುದಿಗಳನ್ನು ಕತ್ತರಿಸಿದ್ದಳು. ತುಟಿ ಎತ್ತಿ ತೋರಿಸಿದಳು. ನಿಜಕ್ಕೂ ಅಚ್ಚುಕಟ್ಟಾಗಿತ್ತು. ಅದರಲ್ಲೇನು ತಪ್ಪಿದೆ ಎಂದು ಆ ಹೊತ್ತಿನಲ್ಲಿ ನನಗೂ ಹೊಳೆಯಲಿಲ್ಲ. ಆದರೂ ಫೋಟೊ ತೆಗೆದು ಮೇಡಮ್‌ಗೆ ಕಳಿಸಿದೆ. ಈಗಲೇ ಬನ್ನಿ ಎಂದು ಫೋನು ಬಂತು.

ನಾವು ಹೋಗುವಷ್ಟರಲ್ಲಿ ಎರಡು ಗಂಟುಗಳು ಜಾರಿ ಬಿಚ್ಚಿಕೊಂಡಿದ್ದವು. ಒಸಡಿನ ಅಂಚುಗಳು ಬೇರೆಯಾಗಿ ನಡುವೆ ಪರದೆ ಕಾಣುತ್ತಿತ್ತು, ಉಗುರಿನ ಬುಡದ ಬಿಳುಪಿನಷ್ಟು. ಮೇಡಮ್ ದೀಪವನ್ನು ಸರಿಸಿ ನೋಡಿದರು, ಮತ್ತೆ ನೋಡಿದರು. ಅಕ್ಕ ಕತ್ತರಿ ಹಿಡಿದ ಕಥೆಯನ್ನು ನಾನು ಹೇಳಿದೆ.

“ನೈಲಾನ್ ಜಾರ್ತೈತಿ ನೀಲವ್ವಾರ. ಅದಕ್ಕ ನಾವು ತುದಿ ಉದ್ದ ಬಿಡ್ತೀವಿ.”

“ನಮ್ಮದು ರೇಷ್ಮಿ, ಹತ್ತಿ ರೀ,” ಎಂದಳು ಅಕ್ಕ. “ಜಾರಂಗಿಲ್ಲ.”

ಮತ್ತೆ ಹೊಲಿದರೆ ಮೆತ್ತಗಾದ ಒಸಡು ಹರಿಯುತ್ತದೆ. ತೆರೆದೇ ಬಿಡಬೇಕು, ಔಷಧಿ ನೀರಿನಿಂದ ತೊಳೆಯಬೇಕು, ಮುಲಾಮು ಹಚ್ಚಬೇಕು. ಕೀವಾದರೆ ಪರದೆ, ಪುಡಿ ಎಲ್ಲ ತೆಗೆದುಹಾಕಬೇಕಾಗುತ್ತದೆ, ಕುಳಿ ಮೊದಲಿಗಿಂತ ದೊಡ್ಡದಾದರೂ ಆದೀತು. ಇದನ್ನು ಮೇಡಮ್ ಮುಚ್ಚಿಡದೆ ಹೇಳಿದರು. ಆಟೋದಲ್ಲಿ ಮನೆಗೆ ಬರುವಾಗ ಅಕ್ಕ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ಅಂದಿನಿಂದ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ, ಬಂದ ಮೇಲೆ, ಮಲಗುವ ಮುನ್ನ, ಮುಲಾಮು ಹಚ್ಚುವಾಗ ನಾನು ಟಾರ್ಚು ಹಿಡಿದು ನೋಡುತ್ತಿದ್ದೆ. ನೋಡಿದ್ದನ್ನು ಇದ್ದ ಹಾಗೆ ಹೇಳಬೇಕೆಂದು ಅಕ್ಕ ಆಣೆ ಮಾಡಿಸಿದ್ದಳು. ಅಂಚು ಕೆಂಪಗಿದೆ. ಬಿಳುಪು ನಿನ್ನೆಯಷ್ಟೇ ಇದೆ. ವಾಸನೆ ಇಲ್ಲ. ಕೆಲವು ದಿನ ಬಾಯಿ ಮುಕ್ಕಳಿಸಿದ ನೀರಿನಲ್ಲಿ ದಪ್ಪ ರವೆಯಂಥ ಬಿಳಿ ಕಾಳುಗಳು ಬರುತ್ತಿದ್ದವು, ತುಂಬಿದ್ದ ಪುಡಿಯೇ. ಅಕ್ಕ ಅವನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ ಬಚ್ಚಲಿಗೆ ಬಿಡುತ್ತಿದ್ದಳು. ನನ್ನ ರವಿಕೆಗೆ ಗುಂಡಿ ಹಚ್ಚಿಕೊಡು ಎಂದು ಒಮ್ಮೆ ಕೇಳಿದೆ. ಅವಳ ಮನಸ್ಸು ಬೇರೆ ಕಡೆಗೆ ತಿರುಗಲಿ ಎಂದು. ಸೂಜಿಯನ್ನು ಮುಟ್ಟಲಿಲ್ಲ. ನನ್ನ ಕೈ ನಂಬಬೇಡ ಎಂದಳು. ಮೂವತ್ತು ವರ್ಷ ಕತ್ತಲಲ್ಲೂ ಎಳೆ ಹುಡುಕುತ್ತಿದ್ದ ಕೈ ಅದು. ಅದನ್ನು ಕೇಳಿದ ಮೇಲೆ ನನಗೆ ಬರೀ ಹಲ್ಲಿನ ಭಯ ಉಳಿಯಲಿಲ್ಲ. ಎಲುಬು ಬಾರದೆ ಹೋದರೆ ಇವಳು ಮಗ್ಗದ ಮನೆಯೊಳಗೆ ಮತ್ತೆ ಕಾಲಿಡುವುದಿಲ್ಲ ಎನ್ನಿಸಿತು.

ಮಾಮಾ ಒಂದು ಭಾನುವಾರ ಬಂದ. ದೋಟಿಹಾಳದಿಂದ ಬೆಳಗಿನ ಬಸ್ಸು ಹಿಡಿದು, ಚಪ್ಪಲಿ ಬಿಡುವ ಮೊದಲೇ ಅಕ್ಕನ ಬಾಯಿ ನೋಡಿದ. ಫೋನಿನಲ್ಲಿ ಎಲ್ಲ ಗೊತ್ತಾಗಿತ್ತು. ಬೈಯುತ್ತಾನೆ ಎಂದು ನಾನು ಒಳಗೆ ಹೋದೆ.

“ಇಕಿ ಕೈಯಾಗ ಕತ್ತರಿ ಕೊಟ್ಟವರು ಯಾರು?” ಎಂದು ನನ್ನನ್ನೇ ಕೂಗಿ ಕೇಳಿದ. ಉತ್ತರಕ್ಕೆ ಕಾಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ ಅಕ್ಕನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. “ನಾನಾಗಿದ್ರೂ ಹಂಗ ಮಾಡ್ತಿದ್ದೆ ಬಿಡು. ಅಷ್ಟುದ್ದ ತುದಿ ಬಾಯಾಗ ಇಟಗೊಂಡು ಯಾರು ಸುಮ್ಮ ಕುಂದರ್ತಾರ?”

ಅಕ್ಕ ಅತ್ತದ್ದು ಆಗ. ಹೊಲಿಗೆ ಬಿಚ್ಚಿಕೊಂಡ ದಿನವೂ ಅತ್ತಿರಲಿಲ್ಲ. ತುಟಿ ಬಿಗಿಹಿಡಿದು ಅಳು ತಡೆಯಬೇಡ ಎಂದು ಹೇಳಿ ಮಾಮಾ ತನ್ನ ಹೆಗಲ ಮೇಲಿನ ವಸ್ತ್ರವನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಸಂಜೆ ಹೋಗುವಾಗ, ಕರೆಸಿದ ಹೆಂಗಸಿನ ಗಂಟುಗಳು ನೇಯುವಾಗ ಹೇಗೆ ಬಿಚ್ಚುತ್ತವೆ ಎಂದು ದೂರು ಹೇಳುತ್ತಲೇ ಹೋದ.

ಕೊಯ್ಲು ಮುಗಿಯುತ್ತ ಬಂದಂತೆ ಒಂದು ಬೆಳಿಗ್ಗೆ ಬಿಳುಪು ಸಣ್ಣದಾಗಿದೆ ಎನ್ನಿಸಿತು. ಹೇಳಲಿಲ್ಲ. ಮಾರನೆಯ ದಿನವೂ ನೋಡಿ ಖಚಿತವಾದ ಮೇಲೆ ಹೇಳಿದೆ. ಎರಡೂ ಕಡೆಯಿಂದ ಒಸಡು ತೆವಳಿ ಬರುತ್ತಿತ್ತು. ಯಾವುದು ಓಡಿ ಬಂದು ಜಾಗ ಹಿಡಿಯುತ್ತದೆಂದು ಪರದೆ ಕಟ್ಟಿದ್ದೆವೋ ಅದೇ ಈಗ ಬೇಗ ಬಂದು ಮೇಲೆ ಮುಚ್ಚಲಿ ಎಂದು ನಾವಿಬ್ಬರೂ ಕಾಯುತ್ತಿದ್ದೆವು. ಒಂದೇ ಬಾಯಲ್ಲಿ ಅವಸರವೂ ಬೇಕು, ನಿಧಾನವೂ ಬೇಕು. ಯಾವುದು ಯಾವಾಗ ಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಒಸಡು ಪೂರ್ತಿ ಕೂಡಿಕೊಂಡಿತು. ಮೇಡಮ್ ಬೆರಳಿನಿಂದ ಒತ್ತಿ ನೋಡಿ, ಊರಿಗೆ ಹೋಗಬಹುದು, ಶಿವರಾತ್ರಿಯಾಗಿ ಕೆಲವು ವಾರ ಬಿಟ್ಟು ಬನ್ನಿ ಎಂದರು. ಒಳಗೆ ಏನಾಗಿದೆ ಎಂದು ಕೇಳಿದೆವು. ಸ್ಕ್ಯಾನು ತೆಗೆದರೆ ಪುಡಿಯೂ ಎಲುಬಿನಂತೆಯೇ ಬೆಳ್ಳಗೆ ಕಾಣುತ್ತದೆ, ಎರಡರ ಗುರುತು ತೆರೆದು ನೋಡಿದಾಗಲೇ ಸರಿಯಾಗಿ ಹತ್ತುತ್ತದೆ ಎಂದರು.

ಯುಗಾದಿಗೆ ಮುಂಚೆ ಅಕ್ಕ ಮತ್ತೆ ಬಂದಳು. ಬಿಸಿಲು ಏರಿತ್ತು, ಕಾಲುವೆಯ ಎರಡನೆಯ ಬೆಳೆ ಹಸಿರಾಗಿ ನಿಂತಿತ್ತು. ಕುರ್ಚಿಯಲ್ಲಿ ಮಲಗುವ ಮುನ್ನ ಅವಳು ಮೇಡಮ್‌ಗೆ ಒಂದೇ ಮಾತು ಹೇಳಿದಳು: ಒಳಗೆ ಏನಿದೆಯೋ ಅದನ್ನು ತಂಗಿ ನನಗೆ ಆಗಲೇ ಹೇಳಬೇಕು, ಆಮೇಲೆ ಅಲ್ಲ.

ಈ ಸಲ ನನಗೆ ಸ್ಟೂಲು ಬೇಕಾಗಲಿಲ್ಲ. ಮೇಡಮ್ ಒಸಡನ್ನು ಎತ್ತಿದರು. ಪರದೆ ಇರಲಿಲ್ಲ. ಎಡಗಡೆ, ಕುಳಿ ಇದ್ದಲ್ಲಿ, ತುಂಬಿ ನಿಂತ ದಿಣ್ಣೆಯಿತ್ತು. ಅಲ್ಲಲ್ಲಿ ಬಿಳಿ ಕಾಳುಗಳು ಅದರೊಳಗೆ ಹುದುಗಿದ್ದವು. ಅವರು ಸಣ್ಣ ಉಪಕರಣದಿಂದ ತಟ್ಟಿದಾಗ ಗಟ್ಟಿ ಸದ್ದು ಬಂತು. ಬಲಗಡೆ ಕೆರೆದಾಗ ಕಾಳುಗಳು ಮೆತ್ತಗೆ ಕಿತ್ತು ಬಂದವು. ತೆರೆದುಕೊಂಡಿದ್ದ ಜಾಗ ಅದೇ. ಮೇಡಮ್ ಅವನ್ನೆಲ್ಲ ಒರೆಸಿ ತೆಗೆದರು. ಆಮೇಲೆ ಎಡಗಡೆಯ ದಿಣ್ಣೆಯ ಮೇಲೆ ಸಣ್ಣ ಡ್ರಿಲ್ಲಿನ ತುದಿಯನ್ನು ಊರಿ ತೆಗೆದರು. ಆ ಚುಕ್ಕೆಯಲ್ಲಿ ಕೆಂಪು ಮೂಡಿ ನಿಧಾನವಾಗಿ ಹರಡಿತು.

“ನೋಡ್ರಿ ಟೀಚರ್. ರಕ್ತ ಬಂತು. ಜೀವ ಐತಿ ಇದಕ್ಕ.”

ರಕ್ತ ಕಂಡು ನನಗೆ ಸಮಾಧಾನವಾದದ್ದು ಜೀವನದಲ್ಲಿ ಅದೊಂದೇ ಸಲ. ಬಟ್ಟೆಯ ಕೆಳಗೆ ಅಕ್ಕನ ಬೆರಳುಗಳು ನನ್ನ ಅಂಗೈಯನ್ನು ಒತ್ತುತ್ತಿದ್ದವು. ಮೇಡಮ್ ಕೈ ತಡೆದು ನನ್ನ ಕಡೆ ನೋಡಿದರು. ನಾನು ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದೆ.

“ಎಡಕ್ಕ ಎಲುಬು ಬಂದೈತಿ ಅಕ್ಕಾ. ಬಲಕ್ಕ ಬಂದಿಲ್ಲ.”

ಒತ್ತುತ್ತಿದ್ದ ಬೆರಳುಗಳು ನಿಂತವು. ಮೇಡಮ್ ಈಗ ನೇರವಾಗಿ ಅವಳಿಗೇ ಹೇಳಿದರು. ಇದ್ದ ಎಲುಬಿನಲ್ಲಿ ಈಗಲೇ ಒಂದು ಸ್ಕ್ರೂ ಕೂರಿಸಬಹುದು, ಎರಡನೆಯ ಹಲ್ಲು ಅದರ ಆಸರೆಗೆ ನಿಲ್ಲುತ್ತದೆ. ಎಳೆ ಹಿಡಿಯಲು ಸಾಕು, ಕಡಿಯಲು ಎಂದೂ ಬಳಸಬಾರದು. ಇಲ್ಲವೇ ಬಲಗಡೆಗೆ ಮತ್ತೊಮ್ಮೆ ರಕ್ತ, ಪುಡಿ, ಪರದೆ ಎಲ್ಲ ಹಾಕಿ, ಇನ್ನೊಂದು ಸುಗ್ಗಿಯವರೆಗೆ ಕಾದು ಎರಡನ್ನೂ ಒಟ್ಟಿಗೆ ಕೂರಿಸಬಹುದು. ಯಾವುದು ಎಂದು ಕೇಳಿದರು.

ಅಕ್ಕ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಹಸಿರು ಬಟ್ಟೆಯ ಅಂಚಿನಿಂದ ಅದು ಹೊರಗೆ ಬಂತು. ಒಂದು ಬೆರಳು ಎತ್ತಿದಳು.

“ಆತು,” ಎಂದು ಮೇಡಮ್ ಡ್ರಿಲ್ಲು ಎತ್ತಿಕೊಂಡರು.

ಎಲುಬು ಸ್ಕ್ರೂವನ್ನು ಹಿಡಿದುಕೊಳ್ಳಲು ಮತ್ತೆ ತಿಂಗಳುಗಳು ಬೇಕಾದವು. ಹಲ್ಲು ಕೂತದ್ದು ಮಳೆಗಾಲದಲ್ಲಿ. ಶ್ರಾವಣದ ಒಂದು ರಜೆಯ ದಿನ ದೋಟಿಹಾಳಕ್ಕೆ ಹೋದಾಗ ಹೊಸ ಹಾಸು ಬಂದಿತ್ತು. ಅಕ್ಕ ಮಗ್ಗದ ಮುಂದೆ ಕೂತಿದ್ದಳು. ಎಳೆಯನ್ನು ಹಲ್ಲಿನ ನಡುವೆ ಹಗುರಾಗಿ ಹಿಡಿಯುವಳು, ಗಂಟು ಬಿಗಿಯುವಳು, ಪ್ರತಿ ಗಂಟಿಗೂ ಒಂದು ಗಳಿಗೆ ನಿಂತು ಅದನ್ನು ಜಗ್ಗಿ ನೋಡುವಳು. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ. ಕೆಲಸ ತೀರ ಮೆಲ್ಲಗೆ ಸಾಗಿತ್ತು. ಮಾಮಾ ಅವಸರ ಮಾಡಲಿಲ್ಲ. ಬೆಳಕು ಇಳಿದಾಗ ಅರ್ಧವೂ ಮುಗಿದಿರಲಿಲ್ಲ. ಅಕ್ಕ ಸೊಂಟ ಹಿಡಿದು ಎದ್ದು, ಸಡಿಲ ಎಲ್ಲಾದರೂ ಇದೆಯೇ ನೋಡು ಎಂದು ಮಾಮಾಗೆ ಹೇಳಿ ಗೋಡೆಗೆ ಒರಗಿ ನಿಂತಳು. ಅವನು ಕೂಡಿಸಿದಷ್ಟು ಎಳೆಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಆಡಿಸಿದ. ಇನ್ನೊಮ್ಮೆ ಆಡಿಸಿದ.

“ಒಂದೂ ಇಲ್ಲ,” ಎಂದ.